ಕಳ್ಳಿ ನೋಡಲು ಟಿಕೇಟು!

ಸಸ್ಯೋದ್ಯಾನ ಅಂದರೆ ನಿಮಗೆ ಏನು ನೆನಪಾಗುತ್ತದೆ? ಲಾಲ್‌ಬಾಗಿನ ಗಾಜಿನ ಮನೆ, ಹೂವಿನ ಪ್ರದರ್ಶನ, ಹುಲ್ಲಿನ ಮೇಲೆ ಕೂತು ಬಿಚ್ಚಿದ ಚಿತ್ರಾನ್ನದ ಡಬ್ಬಿ, ಅಷ್ಟೇ ತಾನೆ? ನನಗೂ ಅಷ್ಟೇ ಗೊತ್ತಿದ್ದದ್ದು. ಆದ್ದರಿಂದಲೇ ಅಮೆರಿಕದ ಫೀನಿಕ್ಸ್ ಊರಿನಲ್ಲಿ ನಮ್ಮ ಅಳಿಯಂದಿರು, "ಅತ್ತೆ, ಭಾನುವಾರ ಮರುಭೂಮಿಯ ಸಸ್ಯೋದ್ಯಾನಕ್ಕೆ ಹೋಗೋಣ. ಕಳ್ಳಿ ಗಿಡಗಳು ತುಂಬ ಚೆನ್ನಾಗಿವೆ" ಅಂದಾಗ ನನಗೆ ನಗು ತಡೆಯಲಾಗಲಿಲ್ಲ. ನಾನು ಹುಟ್ಟಿ ಬೆಳೆದದ್ದು ಚಳ್ಳಕೆರೆ ಸೀಮೆಯಲ್ಲಿ. ಕಳ್ಳಿ ಬೇಲಿ ದಾಟಿಕೊಂಡೇ ಶಾಲೆಗೆ ಹೋದವಳು ನಾನು. ಅದನ್ನು ನೋಡುವುದಕ್ಕೆ ಟಿಕೇಟು ಬೇರೆ! ಒಬ್ಬರ ಟಿಕೇಟಿನ ಬೆಲೆಯನ್ನು ಮನಸ್ಸಿನಲ್ಲೇ ರೂಪಾಯಿಗೆ ತಿರುಗಿಸಿ ನೋಡಿದೆ. ನಮ್ಮ ಮನೆಯ ಒಂದು ತಿಂಗಳ ಹಾಲಿನ ಲೆಕ್ಕಕ್ಕೆ ಬಂತು. ಬಾಯಿ ಮುಚ್ಚಿಕೊಂಡೆ.

ನಾನು ಅಲ್ಲಿಗೆ ಹೋದದ್ದು ಗಿಡ ನೋಡುವುದಕ್ಕಲ್ಲ, ಮಗಳ ಬಾಣಂತನಕ್ಕೆ. 2023 ರ ಫೆಬ್ರವರಿಯಲ್ಲಿ ಅವಳಿಗೆ ಗಂಡು ಮಗುವಾಯಿತು. ಅಂಟಿನುಂಡೆ, ಓಮಿನಕಾಳು, ಒಣಶುಂಠಿ, ಮೆಣಸಿನ ಪುಡಿ, ಎಲ್ಲವನ್ನೂ ಪೆಟ್ಟಿಗೆಯಲ್ಲಿ ತುಂಬಿಕೊಂಡು ಹೋಗಿದ್ದೆ. ಎಣ್ಣೆನೀರು, ಪಥ್ಯ, ಸಾಂಬ್ರಾಣಿ ಒಂದಕ್ಕೂ ಕಡಿಮೆ ಮಾಡಲಿಲ್ಲ. ಮಗುವೂ ಚೆನ್ನಾಗಿತ್ತು. ಆದರೆ ಮಗಳು ಮಾತ್ರ ಮಾತು ಬಿಟ್ಟಳು. ಕೇಳಿದ್ದಕ್ಕೆ "ಹ್ಞೂ", "ಬೇಡ", ಎರಡೇ ಉತ್ತರ. ಹಗಲಿಡೀ ಕಿಟಕಿಯ ಪರದೆ ಎಳೆದುಕೊಂಡು ಕೂತಿರುತ್ತಿದ್ದಳು. ನಾನೋ, "ಬಾಣಂತಿ ಅಂದಮೇಲೆ ಎಲ್ಲರಿಗೂ ಇದ್ದದ್ದೇ, ನಿದ್ದೆ ಸಾಲದು" ಅಂತ ಅಳಿಯಂದಿರಿಗೂ ಸಮಾಧಾನ ಹೇಳಿ, ನನಗೂ ಹೇಳಿಕೊಂಡು ಸುಮ್ಮನಿದ್ದೆ. ಮಗುವಿಗೆ ಎರಡು ತಿಂಗಳು ತುಂಬಿದ ಮೇಲೆ, ಏಪ್ರಿಲಿನಲ್ಲಿ, ಅಳಿಯಂದಿರು ಹೀಗೆ ಹೊರಡಿಸಿದರು. ಅವಳನ್ನು ಕಾರು ಹತ್ತಿಸಬೇಕಾದರೆ ಸಾಕು ಸಾಕಾಯಿತು.

ಬೇಲಿಯ ನೆಂಟರು

ಊರಿನ ಅಂಚಿನಲ್ಲಿ ಪಾಪಗೋ ಪಾರ್ಕ್ ಎಂಬ ಜಾಗ. ಕೆಂಪು ಕಲ್ಲಿನ ಗುಡ್ಡಗಳು. ಅದರ ಮಗ್ಗುಲಲ್ಲೇ ಈ ಉದ್ಯಾನ. 140 ಎಕರೆ, 50,000ಕ್ಕೂ ಮೇಲ್ಪಟ್ಟು ಗಿಡಗಳು. ಒಳಗೆ ಕಾಲಿಟ್ಟ ಹತ್ತು ಹೆಜ್ಜೆಗೆ ನಾನು ನಿಂತುಬಿಟ್ಟೆ. ಯಾಕೆ ಅಂತೀರಾ? ಎದುರಿಗೆ ನಮ್ಮ ಕತ್ತಾಳೆ! ಅದೇ ದಪ್ಪ ಪಟ್ಟೆ, ಅದೇ ತುದಿಯ ಸೂಜಿ. ನಮ್ಮಲ್ಲಿ ಹೊಲದ ಬದುವಿಗೆ ಹಾಕಿ, ನಾರು ತೆಗೆದು ಹಗ್ಗ ಹೊಸೆಯುತ್ತಿದ್ದೆವಲ್ಲ, ಅದೇ. ಪಕ್ಕದಲ್ಲಿ ಪಾಪಾಸುಕಳ್ಳಿ, ಒಂದಲ್ಲ, ಹತ್ತಾರು ಬಗೆ. ಹಳದಿ ಹೂ ಬಿಟ್ಟು ನಿಂತಿದ್ದವು. ಇನ್ನೊಂದಿಷ್ಟು ಮುಂದೆ ಹೋದರೆ ಥೇಟ್ ಬಳ್ಳಾರಿ ಜಾಲಿಯ ಹಾಗೆ ಒಂದು ಮರ. ಮೆಸ್ಕೀಟ್ ಅನ್ನುತ್ತಾರೆ. ನಮ್ಮ ಬಳ್ಳಾರಿ ಜಾಲಿಗೆ ದಾಯಾದಿ ಇದು.

ಇವೆಲ್ಲ ನಮ್ಮೂರಿನವೇ ಅಂತ ನಾನು ಇಷ್ಟು ವರ್ಷ ತಿಳಿದಿದ್ದೆ. ಅಲ್ಲವೇ ಅಲ್ಲವಂತೆ! ಕತ್ತಾಳೆ, ಪಾಪಾಸುಕಳ್ಳಿ, ಬಳ್ಳಾರಿ ಜಾಲಿ, ಮೂರರ ತವರೂ ಅಮೆರಿಕ ಖಂಡ. ನಮ್ಮಲ್ಲಿಗೆ ಬಂದ ಸೊಸೆಯಂದಿರು ಅವು. ಬಂದಮೇಲೆ ಮನೆಯನ್ನೇ ಆಕ್ರಮಿಸಿಕೊಂಡ ಸೊಸೆಯಂದಿರು ಅನ್ನಿ! ಪಾಪಾಸುಕಳ್ಳಿಯಂತೂ ಒಂದು ಕಾಲದಲ್ಲಿ ದಕ್ಷಿಣ ಭಾರತದ ಹೊಲ, ಗೋಮಾಳಗಳನ್ನೆಲ್ಲ ನುಂಗಿತ್ತು. 1926 ರಲ್ಲಿ ಸಿಂಹಳದಿಂದ ಒಂದು ಬಗೆಯ ಹುಳುವನ್ನು ತರಿಸಿ ಅದರ ಮೇಲೆ ಬಿಟ್ಟರು. ಹತ್ತಿಯ ಚೂರಿನ ಹಾಗೆ ಬೆಳ್ಳಗೆ ಅಂಟಿಕೊಂಡಿರುವ ಹುಳು, ಹಿಸುಕಿದರೆ ಕುಂಕುಮದ ಹಾಗೆ ಕೆಂಪು. ಆಮೇಲೆ ಕಳ್ಳಿ ಹಿಡಿತಕ್ಕೆ ಬಂತು. ಆ ಹುಳುವಿನ ಬಳಗವನ್ನೂ ನಾನು ಈ ತೋಟದ ಕಳ್ಳಿಯ ಮೇಲೆ ಕಂಡೆ. ಉಗುರಿನಿಂದ ಒಂದು ಚೂರು ಕೆರೆದೆ. ಬೆರಳು ಕೆಂಪಾಯಿತು. ಮಗಳು, "ಅಮ್ಮ, ಮುಟ್ಟಬಾರದು ಅಂತ ಬೋರ್ಡು ಹಾಕಿದಾರೆ" ಅಂದಳು. ಅವತ್ತು ಅವಳಾಗಿ ಆಡಿದ ಮೊದಲನೇ ಮಾತು ಅದು.

ನಮ್ಮ ಬೇಲಿಯಲ್ಲಿ ಹಾಲು ಸುರಿಸುವ ಕಳ್ಳಿ ಇದೆಯಲ್ಲ, ಅದು ಮಾತ್ರ ಈ ಜಾತಿಯದಲ್ಲ. ನೋಡಲು ಅಕ್ಕತಂಗಿಯರ ಹಾಗಿದ್ದರೂ ಬೇರೆ ಕುಲ. ಮುರಿದರೆ ಬಿಳೀ ಹಾಲು ಬಂತೋ, ಅದು ನಮ್ಮ ಕಡೆಯ ಕಳ್ಳಿ. ಆ ಹಾಲು ಕಣ್ಣಿಗೆ ಬಿದ್ದರೆ ಬಲು ಅಪಾಯ, ಮಕ್ಕಳನ್ನು ಹತ್ತಿರ ಬಿಡಬೇಡಿ. ಪಾಪಾಸುಕಳ್ಳಿಗೆ ಹಾಲಿಲ್ಲ, ಒಳಗೆ ಬರೀ ಲೋಳೆ.

ಫೀನಿಕ್ಸಿನಲ್ಲಿ ವರ್ಷಕ್ಕೆಲ್ಲ ಬೀಳುವುದು ಸುಮಾರು 7 ಅಂಗುಲ ಮಳೆ. ನಾವು ಬರದ ಸೀಮೆ, ಬರದ ಸೀಮೆ ಅಂತ ಗೋಳಾಡುವ ಚಳ್ಳಕೆರೆಯಲ್ಲೇ ಅದರ ಎರಡರಷ್ಟಕ್ಕಿಂತ ಹೆಚ್ಚು ಬೀಳುತ್ತದೆ. ಅಂಥ ಕಡೆ ಇಷ್ಟು ಹಸಿರು ಹೇಗೆ ನಿಂತಿದೆ ಅಂತ ನಾನು ಯೋಚಿಸುತ್ತಿರುವಾಗಲೇ ಸೆರಗನ್ನು ಯಾರೋ ಹಿಡಿದು ಜಗ್ಗಿದ ಹಾಗಾಯಿತು.

ಬಾಚಣಿಗೆಯ ಉಪಯೋಗ

ಅದು ಚೋಯಾ ಅಂತ ಒಂದು ಕಳ್ಳಿ. ದೂರದಿಂದ ನೋಡಿದರೆ ಮುದ್ದು ಬರಬೇಕು, ಮೈತುಂಬ ಬೆಳ್ಳಿಯ ರೋಮದ ಹಾಗೆ. ಹತ್ತಿರ ಹೋದಿರೋ, ತುಂಡು ತುಂಡಾಗಿ ಕಳಚಿಕೊಂಡು ಮೈಗೆ ಅಂಟುತ್ತದೆ. "ಹಾರುವ ಚೋಯಾ" ಅಂತಲೇ ಹೆಸರು. ಹಾರುವುದೇನೂ ಇಲ್ಲ, ಸವರಿದ ಮಾತ್ರಕ್ಕೆ ಬಿಡಿಸಿಕೊಂಡು ಬರುತ್ತದೆ, ಅಷ್ಟೇ. ನಮ್ಮ ಉತ್ತರಾಣಿ ಕಡ್ಡಿ ಸೀರೆಗೆ ಹತ್ತಿಕೊಳ್ಳುವ ಹಾಗೆ, ಆದರೆ ಮುಳ್ಳಿನ ಉಂಡೆ! ನನ್ನ ಹತ್ತಿ ಸೀರೆಯ ಸೆರಗಿಗೆ ನಿಂಬೆಹಣ್ಣಿನ ಗಾತ್ರದ್ದು ನೇತಾಡುತ್ತಿತ್ತು. ಕೈ ಹಾಕಲು ಹೋದೆ. "ನೋ, ನೋ, ನೋ!" ಅಂತ ಒಬ್ಬ ಅಜ್ಜಿ ಓಡಿ ಬಂದರು. ಅಗಲದ ಟೋಪಿ, ಎದೆಯ ಮೇಲೆ ಬಿಲ್ಲೆ. ಬಂದವರಿಗೆ ಗಿಡಗಳ ವಿಚಾರ ತಿಳಿಸುವುದಕ್ಕೆ ಅಲ್ಲಿ ಸಂಬಳವಿಲ್ಲದೆ ಕೆಲಸ ಮಾಡುವ ಇಂಥವರು ಬಹಳ ಮಂದಿ ಇದ್ದಾರೆ. ಜೇಬಿನಿಂದ ಒಂದು ಬಾಚಣಿಗೆ ತೆಗೆದು, ಮುಳ್ಳಿನುಂಡೆಯ ಅಡಿಗೆ ತೂರಿಸಿ, ಚಟಕ್ಕನೆ ಎತ್ತಿ ಎಸೆದರು. ಸೆರಗಿನಲ್ಲಿ ಒಂದು ಅಂಗೈಯಗಲ ಹರುಕು ಉಳಿಯಿತು. ಆ ಊರಿನಲ್ಲಿ ಮರುಭೂಮಿಗೆ ಹೊರಡುವವರು ನೀರಿನ ಜೊತೆಗೆ ಬಾಚಣಿಗೆಯನ್ನೂ ಮರೆಯುವುದಿಲ್ಲವಂತೆ!

ನನ್ನ ಇಂಗ್ಲಿಷು ನಿಮಗೆ ಹೇಳಬೇಕಾಗಿಲ್ಲ. "ಥ್ಯಾಂಕ್ಯೂ" ಆದಮೇಲೆ ಗಾಡಿ ಮುಂದಕ್ಕೆ ಹೋಗುವುದಿಲ್ಲ. ಅಜ್ಜಿಯೋ ಮಾತಿನ ಮಲ್ಲಿ. ಅವರು ಹೇಳಿದ್ದನ್ನು ನನಗೆ, ನಾನು ಕೇಳಿದ್ದನ್ನು ಅವರಿಗೆ ಮಗಳು ಹೇಳಲೇಬೇಕಾಯಿತು. ಎರಡು ತಿಂಗಳಿನಿಂದ "ಹ್ಞೂ", "ಬೇಡ" ಅಂತಿದ್ದವಳು ಅರ್ಧ ಗಂಟೆ ಬಿಡದೆ ಮಾತಾಡಿದಳು. ನನಗೆ ಅರ್ಥವಾದ ಮಾತನ್ನೂ ಅರ್ಥವಾಗದವಳ ಹಾಗೆ ಎರಡೆರಡು ಸಲ ಕೇಳಿದೆ ಅನ್ನಿ!

ಆ ತೋಟದ ರಾಜ ಸವಾರೊ ಕಳ್ಳಿ. ಬರೆಯುವುದು ಸಗ್ವಾರೊ, ಅನ್ನುವುದು ಸವಾರೊ. ಸಿನಿಮಾದಲ್ಲಿ ಕುದುರೆ ಸವಾರರ ಹಿಂದೆ ಕೈ ಎತ್ತಿಕೊಂಡು ನಿಂತಿರುತ್ತದಲ್ಲ, ಅದೇ. 40 ಅಡಿ ಬೆಳೆಯುತ್ತದೆ, 150 ವರ್ಷಕ್ಕೂ ಮೇಲೆ ಬದುಕುತ್ತದೆ. ಆದರೆ ಎಳವೆಯಲ್ಲಿ ಎಂಥ ನಿಧಾನ! ಎಂಟು ಹತ್ತು ವರ್ಷವಾದರೂ ಎತ್ತರ ಒಂದೂವರೆ ಅಂಗುಲ ದಾಟುವುದಿಲ್ಲ. ಹೂ ಬಿಡಲು ಮೂವತ್ತು ನಲವತ್ತು ವರ್ಷ. ಪಕ್ಕಕ್ಕೆ ಒಂದು ತೋಳು ಮೂಡಬೇಕಾದರೆ ಐವತ್ತೋ ಎಪ್ಪತ್ತೈದೋ, ನೂರೇ ಆದರೂ ಆಯಿತು. ಮೈಮೇಲೆ ಉದ್ದಕ್ಕೂ ಸೀರೆಯ ನಿರಿಗೆಯ ಹಾಗೆ ಮಡಿಕೆಗಳು. ಮಳೆ ಬಂದಾಗ ನೀರು ಕುಡಿದು ನಿರಿಗೆ ಬಿಚ್ಚಿ ಉಬ್ಬುತ್ತದೆ, ಬೇಸಿಗೆಯಲ್ಲಿ ಮತ್ತೆ ಮುದುಡುತ್ತದೆ. ಮರಕುಟಿಗ ಕೊರೆದ ತೂತುಗಳಲ್ಲಿ ಗೂಬೆಗಳ ಸಂಸಾರ. ಹೂವು ಬಿಚ್ಚುವುದು ರಾತ್ರಿ, ಮಾರನೇ ದಿನ ಮಧ್ಯಾಹ್ನಕ್ಕೆ ಮುಚ್ಚಿತು. ಅಷ್ಟರೊಳಗೆ ಬಾವಲಿ, ಪಾರಿವಾಳ, ಜೇನು ಬಂದು ಹೋಗಬೇಕು. ಹಣ್ಣು ಮಾಗುವುದು ಜೂನಿನಲ್ಲಿ. ಆ ನೆಲದ ಮೂಲ ಜನ ತೊಹೊನೊ ಓಧಮ್. ಅವರ ಹೆಂಗಸರು ಒಣಗಿದ ಸವಾರೊದ ಒಳಗಡ್ಡಿಗಳನ್ನೇ ಜೋಡಿಸಿ ನಮ್ಮ ದೋಟಿಯಂಥದ್ದನ್ನು ಮಾಡಿಕೊಂಡು ಆ ಹಣ್ಣು ಕೆಡವುತ್ತಾರೆ, ಪಾಕ ಕಾಯಿಸುತ್ತಾರೆ. ಮಳೆ ಕರೆಯುವ ಹಬ್ಬವೂ ಅದರಿಂದಲೇ, ಅವರ ಹೊಸ ವರ್ಷವೂ ಆಗಲೇ. ಮೆಸ್ಕೀಟ್ ಕಾಯಿಯನ್ನೂ ಕುಟ್ಟಿ ಹಿಟ್ಟು ಮಾಡಿ ಉಣ್ಣುತ್ತಿದ್ದರಂತೆ. ನಾವು ಮೇಕೆಗೆ ಬಿಟ್ಟದ್ದು!

ಒಂದು ಸವಾರೊ ಹಣ್ಣಿನಲ್ಲಿ ಎರಡು ಸಾವಿರದಷ್ಟು ಬೀಜ. ಬದುಕುವುದು ಎಲ್ಲೋ ಒಂದು. ಬಯಲಿನಲ್ಲಿ ಬಿದ್ದದ್ದು ಬಿಸಿಲಿಗೆ ಸೀದುಹೋಗುತ್ತದೆ. ಪಾಲೊ ವೆರ್ಡೆ ಮರದ ಕೆಳಗೆ ಬಿದ್ದದ್ದು ಮಾತ್ರ ಉಳಿಯಬಹುದು. ಪಾಲೊ ವೆರ್ಡೆ ಅಂದರೆ ಹಸಿರು ಕಟ್ಟಿಗೆ. ಬರ ಬಂದಾಗ ಎಲೆ ಉದುರಿಸಿ, ಹಸಿರು ತೊಗಟೆಯಲ್ಲೇ ಅಡಿಗೆ ಮಾಡಿಕೊಳ್ಳುವ ಮರ. ಆ ಏಪ್ರಿಲಿನಲ್ಲಿ ಮೈತುಂಬ ಹಳದಿ ಹೂ. ಬಿಸಿಲಿಗೆ ನೆರಳು, ಚಳಿಗೆ ಹೊದಿಕೆ ಎರಡೂ ಆಗಿ ಅದು ಕೂಸು ಕಳ್ಳಿಯನ್ನು ಕಾಯುತ್ತದೆ. "ದಾದಿ ಮರ ಅಂತಾರೆ ಅಮ್ಮ" ಅಂದಳು ಮಗಳು. "ಆಮೇಲೆ?" ಅಂದೆ. "ಆಮೇಲೆ ಸವಾರೊ ದೊಡ್ಡದಾಗಿ ಬೇರು ಹರಡಿ ನೀರನ್ನೆಲ್ಲ ತಾನೇ ಎಳೆದುಕೊಳ್ಳುತ್ತಂತೆ. ಎಷ್ಟೋ ಸಲ ದಾದಿ ಮರ ಒಣಗಿ ಹೋಗತ್ತಂತೆ." ನನ್ನ ಮುಖ ಸಪ್ಪಗಾಯಿತು ಅಂತ ಕಾಣುತ್ತದೆ. ಮಗಳು ನಕ್ಕಳು. ನೋಡಿ, ಆ ನಗುವಿಗೆ ಟಿಕೇಟಿನ ದುಡ್ಡು ಅಲ್ಲಿಗಲ್ಲಿಗೆ ಸರಿಹೋಯಿತು.

ಅಜ್ಜಿ ಹೋದ ಮೇಲೆ ಅಂಥದೇ ಒಂದು ಮರದ ನೆರಳಲ್ಲಿ ಕೂತೆವು. ಅಳಿಯಂದಿರು ಫೋಟೋ ತೆಗೆಯಲು ಮುಂದೆ ಹೋಗಿದ್ದರು. ಮಗು ತಳ್ಳುಗಾಡಿಯಲ್ಲಿ ಮಲಗಿತ್ತು. ಮಗಳು ಕಳ್ಳಿಯ ಕಡೆಗೆ ನೋಡುತ್ತಲೇ, "ಅಮ್ಮ, ಇವನು ಅತ್ತರೆ ನನಗೆ ಏನೂ ಅನ್ನಿಸಲ್ಲ. ಯಾರದೋ ಮಗು ಅಳ್ತಿದೆ ಅನ್ನೋ ಥರ ಇರತ್ತೆ. ನಾನು ಎಲ್ಲಾದರೂ ಹೊರಟುಹೋಗಬೇಕು ಅನ್ನಿಸತ್ತೆ" ಅಂದಳು.

ನಾನು ಏನು ಹೇಳಿದೆ ಗೊತ್ತೇ? "ಛೆ, ಹಾಗೆಲ್ಲ ಅನ್ನಬಾರದು, ಬಿಡ್ತು ಅನ್ನು" ಅಂದೆ. ಬಾಯಿಗೆ ಬಂದದ್ದು ಅದೇ. ಅಂದ ಕೂಡಲೇ ಅವಳ ಮುಖ ಮತ್ತೆ ಮುಚ್ಚಿಕೊಂಡದ್ದು ಕಣ್ಣಿಗೆ ಕಟ್ಟಿದ ಹಾಗಿದೆ. ಆಮೇಲೆ ನಾನು ಮಾತಾಡಲಿಲ್ಲ. ಅವಳ ಕೈ ಹಿಡಿದುಕೊಂಡು ಸುಮ್ಮನೆ ಕೂತೆ. ಬಹಳ ಹೊತ್ತಿನ ಮೇಲೆ, "ಡಾಕ್ಟರಿಗೆ ಹೇಳೋಣವಾ?" ಅಂತ ಕೇಳಿದೆ. ತಲೆ ಆಡಿಸಿದಳು.

ಹೇಳಿದೆವು. ಹತ್ತು ಪ್ರಶ್ನೆಯ ಒಂದು ಕಾಗದ ಕೊಟ್ಟು ತುಂಬಿಸಿಕೊಂಡರು. ಬಾಣಂತಿಯರ ಮನಸ್ಸಿನ ಸ್ಥಿತಿ ತಿಳಿಯುವುದಕ್ಕೆಂದು 1987 ರಲ್ಲೇ ಎಡಿನ್‌ಬರೋದಲ್ಲಿ ಸಿದ್ಧ ಮಾಡಿದ ಪ್ರಶ್ನೆಗಳಂತೆ. ಇದು ಕಾಯಿಲೆ, ಸೋಮಾರಿತನವೂ ಅಲ್ಲ, ಗಾಳಿ ಸೋಕಿದ್ದೂ ಅಲ್ಲ ಅಂದರು. ಮೊದಲ ಒಂದೆರಡು ವಾರ ಕಾರಣವಿಲ್ಲದೆ ಅಳು ಬರುವುದು ಸಾಮಾನ್ಯ, ತಾನಾಗಿ ಹೋಗುತ್ತದೆ. ಎರಡು ವಾರ ದಾಟಿಯೂ ಹೋಗದಿದ್ದರೆ, ಮಗುವಿನ ಮೇಲೆ ಮನಸ್ಸೇ ಇಲ್ಲದಿದ್ದರೆ, ಬದುಕೇ ಬೇಡ ಅನ್ನುವ ಮಾತು ಬಂದರೆ ಕಾಯಬಾರದು. ನಾನು ಎರಡು ತಿಂಗಳು ಕಾದಿದ್ದೆ. ನಿಮ್ಮ ಮನೆಯಲ್ಲಿ ಬಾಣಂತಿ ಇದ್ದರೆ ದಯವಿಟ್ಟು ನೀವು ಹಾಗೆ ಮಾಡಬೇಡಿ. ಹೆರಿಗೆ ಮಾಡಿಸಿದ ಡಾಕ್ಟರಮ್ಮನಿಗೇ ಹೇಳಿದರೂ ಸಾಕು, ಮುಂದಿನ ದಾರಿ ತೋರಿಸುತ್ತಾರೆ. ಮಗಳಿಗೆ ಮಾತ್ರೆ ಕೊಟ್ಟರು, ಮೊಲೆ ಕುಡಿಸುವವರಿಗೆ ಆಗುವಂಥದ್ದೇ. ವಾರಕ್ಕೊಮ್ಮೆ ಒಬ್ಬಾಕೆಯ ಜೊತೆ ಮಾತು. ರಾತ್ರಿ ಒಂದು ಸಲದ ಹಾಲನ್ನು ಅಳಿಯಂದಿರು ವಹಿಸಿಕೊಂಡರು, ಅವಳಿಗೆ ಒಟ್ಟಿಗೆ ಐದು ಗಂಟೆ ನಿದ್ದೆ ಸಿಗಲಿ ಅಂತ.

ಕಳ್ಳಿಯ ಪಲ್ಯ

ಮೇ ತಿಂಗಳಲ್ಲಿ ಒಂದು ದಿನ ಮೆಕ್ಸಿಕೋದವರ ಅಂಗಡಿಯಲ್ಲಿ ಪಾಪಾಸುಕಳ್ಳಿಯ ಎಳೆ ಪಟ್ಟೆಗಳನ್ನು ಮುಳ್ಳು ಹೆರೆದು ರಾಶಿ ಹಾಕಿದ್ದು ಕಂಡೆ. ನೊಪಾಲ್ ಅಂತ ಹೆಸರು. ಮಗಳೇ, "ತಗೊಳಮ್ಮ, ನೋಡೋಣ" ಅಂದಳು. ಅಂಚು ಕತ್ತರಿಸಿ, ಹುರುಳಿಕಾಯಿಯ ಹಾಗೆ ಸಣ್ಣಗೆ ಹೆಚ್ಚಿದೆ. ಬೆಂಡೆಕಾಯಿಯದೇ ಲೋಳೆ. ಅದಕ್ಕೆ ನಮ್ಮಲ್ಲಿ ಮದ್ದಿಲ್ಲವೇ? ಸಾಸಿವೆ, ಉದ್ದಿನಬೇಳೆ, ಒಣಮೆಣಸಿನಕಾಯಿ ಒಗ್ಗರಣೆಗೆ ಹಾಕಿ, ಮುಚ್ಚಳ ಮುಚ್ಚದೆ ದೊಡ್ಡ ಉರಿಯಲ್ಲಿ ಹುರಿದೆ. ಮೊದಲು ನೀರು ಬಿಟ್ಟುಕೊಳ್ಳುತ್ತದೆ, ಆಮೇಲೆ ಇಂಗುತ್ತದೆ. ಇಂಗಿದ ಮೇಲೇ ಉಪ್ಪು, ಚೂರು ಹುಣಿಸೆರಸ, ಕೊನೆಗೆ ಕಾಯಿತುರಿ. ರುಚಿ ಹುರುಳಿಕಾಯಿ ಪಲ್ಯಕ್ಕೆ ನಿಂಬೆ ಹಿಂಡಿದ ಹಾಗೆ. ಮೂವರೂ ತಿಂದೆವು. ಇದನ್ನು ಓದಿ ನೀವು ಬೇಲಿಯ ಪಾಪಾಸುಕಳ್ಳಿ ಕೀಳಲು ಹೋಗಬೇಡಿ ಮತ್ತೆ! ಅದರಲ್ಲಿ ಕಣ್ಣಿಗೆ ಕಾಣದ ಕೂದಲಂಥ ಮುಳ್ಳಿರುತ್ತದೆ, ಗಂಟಲಿಗೆ ಸಿಕ್ಕಿದರೆ ಫಜೀತಿ. ಬೇಕಾದರೆ ಇದೇ ಉಪಾಯದಲ್ಲಿ ಬೆಂಡೆಕಾಯಿ ಮಾಡಿ ನೋಡಿ.

ಅದರ ಹುಳಿಗೂ ಒಂದು ಕಥೆಯಿದೆ. ಕಳ್ಳಿ ಹಗಲು ಬಿಸಿಲಿನಲ್ಲಿ ಉಸಿರಾಡಿದರೆ ಮೈಯ ನೀರೆಲ್ಲ ಆರಿಹೋಗುತ್ತದೆ. ಅದಕ್ಕೇ ಹಗಲೆಲ್ಲ ಬಾಯಿ ಬಿಗಿದು, ರಾತ್ರಿ ತಂಪಾದ ಮೇಲೆ ಸಣ್ಣ ರಂಧ್ರಗಳನ್ನು ತೆರೆದು ಗಾಳಿ ಎಳೆದುಕೊಂಡು ಹುಳಿಯ ರೂಪದಲ್ಲಿ ಕೂಡಿಟ್ಟುಕೊಳ್ಳುತ್ತದೆ. ಹಗಲು ಅದನ್ನು ಖರ್ಚು ಮಾಡುತ್ತದೆ. ಹಾಗಾಗಿ ಬೆಳಿಗ್ಗೆ ಹುಳಿ ಜಾಸ್ತಿ, ಸಂಜೆಗೆ ಕಡಿಮೆ. ನಮ್ಮ ಕಾಡುಬಸಳೆಯ ಎಲೆಯೂ ಹೀಗೇ. ಈಸ್ಟ್ ಇಂಡಿಯಾ ಕಂಪನಿಯಲ್ಲಿ ಮದರಾಸಿನ ಕಡೆ ಇದ್ದ ಸಸ್ಯಶಾಸ್ತ್ರಜ್ಞ ಬೆಂಜಮಿನ್ ಹೇನ್, ಆ ಎಲೆ ಬೆಳಿಗ್ಗೆ ಹುಳಿ, ಮಧ್ಯಾಹ್ನಕ್ಕೆ ಸಪ್ಪೆ ಅಂತ ತಾನೇ ಅಗಿದು ನೋಡಿ 1815 ರಲ್ಲೇ ಬರೆದಿಟ್ಟಿದ್ದಾನೆ.

ಮತ್ತೊಂದು ಸಲ

ಆ ವರ್ಷದ ಬೇಸಿಗೆಯನ್ನು ನಾನು ಸಾಯುವ ತನಕ ಮರೆಯುವುದಿಲ್ಲ. ಜೂನ್ 30 ರಿಂದ ಜುಲೈ 30 ರ ತನಕ ಸಾಲಾಗಿ 31 ದಿನ ಫೀನಿಕ್ಸಿನಲ್ಲಿ ಬಿಸಿಲು 43 ಡಿಗ್ರಿ ಮುಟ್ಟದ ದಿನವಿಲ್ಲ. ನಮಗೆ ಬಳ್ಳಾರಿಯ ಬಿಸಿಲು ಹೊಸದಲ್ಲ, ಆದರೆ ಅಲ್ಲಿ ರಾತ್ರಿಯೂ ಆರುತ್ತಿರಲಿಲ್ಲ. ನಡುರಾತ್ರಿ ಬಾಗಿಲು ತೆಗೆದರೆ ಒಲೆಯ ಬಾಯಿ. ಜುಲೈ ಕೊನೆಯಲ್ಲಿ ಒಂದು ದಿನ ಮಗಳೇ ಎಬ್ಬಿಸಿ, "ಅಮ್ಮ, ಬೆಳಿಗ್ಗೆ ಬೇಗ ತೆಗೀತಾರೆ, ಬಿಸಿಲೇರೋ ಮುಂಚೆ ತೋಟಕ್ಕೆ ಹೋಗಿ ಬರೋಣ" ಅಂದಳು. ಮಗುವನ್ನು ಅಪ್ಪನ ಹತ್ತಿರ ಬಿಟ್ಟು ನಾವಿಬ್ಬರೇ ಹೋದೆವು.

ದಾರಿಯಲ್ಲಿ ಕಂಡದ್ದು ನೋಡಿ ಹೊಟ್ಟೆ ಚುರುಕ್ಕೆಂದಿತು. ನೂರು ವರ್ಷ ನಿಂತಿದ್ದ ಸವಾರೊ ಅಡ್ಡ ಬಿದ್ದಿತ್ತು. ಇನ್ನೊಂದರ ತೋಳು ಕಳಚಿ ಕೆಳಗೆ. ಕಳ್ಳಿಗೆ ಬಿಸಿಲು ಏನು ಮಾಡೀತು ಅಂತ ನನಗೆ ಆಶ್ಚರ್ಯ. ಸುಟ್ಟದ್ದು ಹಗಲಿನ ಬಿಸಿಲು ಮಾತ್ರವಲ್ಲ, ಆರದ ರಾತ್ರಿ. ರಾತ್ರಿಯೂ ಸೆಕೆಯಾದರೆ ಅದು ಬಾಯಿ ತೆರೆಯುವ ಹಾಗಿಲ್ಲ, ಉಸಿರು ತೆಗೆದುಕೊಳ್ಳುವ ಹಾಗಿಲ್ಲ. 2020 ರ ಬೇಸಿಗೆಯ ಪೆಟ್ಟಿನಿಂದಲೇ ಕೆಲವು ಇನ್ನೂ ಸುಧಾರಿಸಿರಲಿಲ್ಲವಂತೆ. ಬೀಳುವ ಹಿಂದಿನ ದಿನದವರೆಗೂ ನೋಡಲು ಹಸಿರಾಗೇ ಇರುತ್ತವೆ.

"ಹೊರಗಿನಿಂದ ಗೊತ್ತೇ ಆಗಲ್ಲ ನೋಡಮ್ಮ" ಅಂದಳು ಮಗಳು.

ನಾನು "ಹೌದು" ಅಂದೆ. ಬೇರೆ ಏನು ಹೇಳಲಿ?

ಬರುವಾಗ ಹೊಳೆಯುವ ಸಣ್ಣ ಎಲೆಯ ಒಂದು ಪೊದೆಯ ಹತ್ತಿರ ನಿಲ್ಲಿಸಿದಳು. ಕ್ರಿಯೊಸೋಟ್ ಅಂತ. ಮಳೆ ಬಂದಾಗ ಆ ಮರುಭೂಮಿಗೆಲ್ಲ ವಾಸನೆ ಕೊಡುವುದು ಅದೇ. ರೆಂಬೆಯನ್ನು ಕೀಳದೆ ಎರಡು ಬೊಗಸೆಯಲ್ಲಿ ಹಿಡಿದು, ಬಾಯಿಯಿಂದ ಹಾ ಅಂತ ಬಿಸಿಯುಸಿರು ಬಿಟ್ಟು ಮೂಸಬೇಕು. ಮೂಸಿದೆ. ನಮ್ಮ ಕರಿಮಣ್ಣಿನ ವಾಸನೆಯಲ್ಲ, ಸ್ವಲ್ಪ ಡಾಂಬರಿನ ಘಾಟು. ಆದರೂ ಮಳೆಯದೇ, ಅನುಮಾನವಿಲ್ಲ. ಆ ಬೇಸಿಗೆಯಲ್ಲಿ ನಮಗೆ ಸಿಕ್ಕ ಮಳೆ ಹೆಚ್ಚುಕಡಿಮೆ ಅಷ್ಟೇ.

ಈ ತೋಟ ಹುಟ್ಟಿದ್ದನ್ನು ಹೇಳದಿದ್ದರೆ ತಪ್ಪಾಗುತ್ತದೆ. 1930 ರ ದಶಕದಲ್ಲಿ, ಮರುಭೂಮಿ ಅಂದರೆ ಹಾಳುನೆಲ, ಕಡಿದು ಕಟ್ಟಡ ಕಟ್ಟಬೇಕು ಅನ್ನುತ್ತಿದ್ದ ಕಾಲ. ಸ್ವೀಡನ್ನಿನಿಂದ ಬಂದಿದ್ದ ಗುಸ್ತಾಫ್ ಸ್ಟಾರ್ಕ್ ಎಂಬ ಸಸ್ಯಪ್ರೇಮಿ "ಮರುಭೂಮಿ ಉಳಿಸಿ" ಅಂತ ಒಂದು ಹಲಗೆ ಬರೆದು, ತನ್ನ ಮನೆಯ ಕಡೆಗೆ ಬಾಣದ ಗುರುತು ಹಾಕಿ ನಿಲ್ಲಿಸಿದನಂತೆ. ಬಾಣ ಹಿಡಿದು ಬಂದವರ ಗುಂಪು ಕಟ್ಟಿತು. ಗರ್ಟ್ರೂಡ್ ಡಿವೈನ್ ವೆಬ್‌ಸ್ಟರ್ ಎಂಬ ಹೆಂಗಸು ಹಣವನ್ನೂ ಹಟವನ್ನೂ ಎರಡನ್ನೂ ಹೂಡಿದಳು. 1939 ರಲ್ಲಿ ತೋಟ ತೆರೆಯಿತು.

ಆಗಸ್ಟಿನಲ್ಲಿ ನಾನು ಹೊರಡುವ ಮುಂಚೆ ಅಳಿಯಂದಿರು ಬೀಜದಿಂದ ಬೆಳೆಸಿದ ಒಂದು ಸವಾರೊ ಸಸಿ ತಂದರು, ಹೆಬ್ಬೆರಳ ಗಾತ್ರ. ಕಾಡಿನದನ್ನು ಕಿತ್ತು ತರುವುದು ಅಲ್ಲಿ ಕಾಯಿದೆ ಪ್ರಕಾರ ಅಪರಾಧ. ಕುಂಡಕ್ಕೆ ಇನ್ನೂ ಕಾಯಾ ನೆರಳು ಬೇಕಲ್ಲ? ಸೆರಗು ಹರಿದ ನನ್ನ ಹತ್ತಿ ಸೀರೆಯನ್ನು ನಾಲ್ಕು ಕಡ್ಡಿಗೆ ಕಟ್ಟಿ ಚಪ್ಪರ ಮಾಡಿದೆವು.

ಈಗಲೂ ಭಾನುವಾರ ಫೋನು ಬರುತ್ತದೆ. ಮಗಳ ದನಿ ಕೇಳಿದರೇ ತಿಳಿಯುತ್ತದೆ, ಆದರೂ "ನೀನು ಹೇಗಿದೀಯ?" ಅಂತ ಮೊದಲು ಅವಳನ್ನೇ ಕೇಳುತ್ತೇನೆ, ಉತ್ತರ ಪೂರ್ತಿ ಆಗುವ ತನಕ ಕಾಯುತ್ತೇನೆ. ಆಮೇಲೆ ಮೊಮ್ಮಗ, ಆಮೇಲೆ ಕಳ್ಳಿ. ಮೊಮ್ಮಗ ಮನೆಯೆಲ್ಲ ಓಡಾಡುತ್ತಾನಂತೆ. ಕಳ್ಳಿ ಇಟ್ಟ ಹಾಗೇ ಇದೆಯಂತೆ.